ಜಯಮಂಗಲಿ ದಂಡೆಯ ಹಳೆಯ ತೋಟದ ಮನೆ: ಕಟ್ಟಿದವರು ಯಾರು, ಬಾಳಿದವರು ಯಾರು?

ಕೊರಟಗೆರೆ ಕಡೆಯ ಸದಸ್ಯ (ಚರ್ಚೆ ಆರಂಭಿಸಿದವರು)

ಮಾನ್ಯರೇ,

ಕೊರಟಗೆರೆ ತಾಲ್ಲೂಕಿನಲ್ಲಿ, ಜಯಮಂಗಲಿ ಹೊಳೆಗೆ ಹೆಚ್ಚು ದೂರವಲ್ಲದ ಹಳ್ಳಿಯೊಂದರ ಹೊರಗೆ, ಹೊಲಗಳ ನಡುವೆ ನಮ್ಮ ಮನೆತನದ ತೊಟ್ಟಿಮನೆ ಇದೆ. ಊರವರು ಅದನ್ನು ಇಂದಿಗೂ ತೋಟದ ಮನೆ ಎಂದೇ ಕರೆಯುತ್ತಾರೆ. ತೋಟವಾದರೋ ತೆರೆದ ಬಾವಿ ಬತ್ತಿದ ಮೇಲೆ ಹೋಯಿತು. ಈಚಿನ ಮಳೆಗಾಲಗಳಲ್ಲಿ ಹಿಂಭಾಗದ ಮಾಳಿಗೆ, ಅಂದರೆ ಮಣ್ಣು ಹಾಸಿದ ಚಪ್ಪಟೆ ಸೂರು, ಸೋರಿ ತೊಲೆಗಳಿಗೆ ಗೆದ್ದಲು ಹಿಡಿದಿರುವುದರಿಂದ ಅದನ್ನು ಇಳಿಸುವುದೆಂದು ದಾಯಾದಿಗಳೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಇಳಿಸುವ ಮೊದಲು ಮನೆಯ ಚರಿತ್ರೆಯನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಿರಿಯರ ಹೇಳಿಕೆಯ ಪ್ರಕಾರ ಮನೆ ಟಿಪ್ಪುವಿನ ಕಾಲದ್ದು, ಕಟ್ಟಿಸಿದವರು ನಮ್ಮ ಮೂಲಪುರುಷರು, ಅಂದಿನಿಂದ ಒಂದೇ ವಂಶದವರು ಅಲ್ಲಿ ಬಾಳಿದ್ದಾರೆ. ಹಾಗೆಯೇ ಬರೆದುಬಿಟ್ಟರೆ ಮನೆಯವರೆಲ್ಲರಿಗೂ ಸಂತೋಷವೇ, ಆದರೆ ಕೈಯಲ್ಲಿರುವ ಆಧಾರಗಳು ಅದಕ್ಕೆ ಅಷ್ಟು ಸುಲಭವಾಗಿ ಒಗ್ಗುತ್ತಿಲ್ಲ. ತಲೆಬಾಗಿಲ ಮೇಲಿನ ಮರದಲ್ಲಿ ‘ಪ್ಲವ ಸಂವತ್ಸರದ ವೈಶಾಖ ಶುದ್ಧ’ ಎಂದು ಕೊರೆದಿದೆ; ಮುಂದಿನ ಅಕ್ಷರಗಳು ಹಬ್ಬಹಬ್ಬಕ್ಕೆ ಬಳಿದ ಬಣ್ಣದಡಿಯಲ್ಲಿ ಮುಚ್ಚಿಹೋಗಿವೆ, ಶಕವರ್ಷವಂತೂ ಇಲ್ಲ. ಪೆಟ್ಟಿಗೆಯಲ್ಲಿ ಒಂದು ಪಾಲುಪಟ್ಟಿ, ಜೋಡಿದಾರರ (ಸರ್ಕಾರಕ್ಕೆ ಕಡಿಮೆ ಕಂದಾಯ ಕಟ್ಟಿ ಊರನ್ನು ಇನಾಮಾಗಿ ಹೊಂದಿದ್ದವರ) ಕಡೆಯವರು ಕೊಟ್ಟ ಗುತ್ತಿಗೆ ರಸೀತಿಗಳ ಒಂದು ಕಟ್ಟು, ಬಳಪದಲ್ಲಿ ಬರೆದ ಒಂದು ಕಡತ (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ) ಸಿಕ್ಕಿವೆ. ಕ್ರಯಪತ್ರ ಯಾವುದೂ ಇಲ್ಲ. ಇವುಗಳನ್ನು ಯಾವ ಕ್ರಮದಲ್ಲಿ ಓದಬೇಕು, ಇನ್ನೆಲ್ಲಿ ಹುಡುಕಬೇಕು ಎಂಬುದನ್ನು ತಿಳಿದವರು ದಯಮಾಡಿ ತಿಳಿಸಬೇಕು.

ಮಧುಗಿರಿಯ ನಿವೃತ್ತ ಭೂಮಾಪಕರು

ಮನೆ ಊರೊಳಗೆ, ಅಂದರೆ ಗ್ರಾಮಠಾಣಾದಲ್ಲಿ ಇಲ್ಲದಿರುವುದು ತಮಗೆ ದೊಡ್ಡ ಅನುಕೂಲ. ಗ್ರಾಮಠಾಣಾದೊಳಗಿನ ಮನೆಗಳಿಗೆ ಪ್ರತ್ಯೇಕ ಸರ್ವೆ ನಂಬರಿಲ್ಲದ ಕಾರಣ, ಪಂಚಾಯಿತಿಯ ಕಂದಾಯ ಪುಸ್ತಕಕ್ಕಿಂತ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಹೊಲದಲ್ಲಿರುವ ಮನೆಯ ವಿಷಯ ಬೇರೆ. ಮೊದಲು ಪಹಣಿಯ ಮೂರನೆಯ ಕಾಲಂ ನೋಡಿ. ಒಟ್ಟು ವಿಸ್ತೀರ್ಣದಿಂದ ಕಳೆಯುವ ಖರಾಬು ಅಲ್ಲಿ ‘ಎ’ ಮತ್ತು ‘ಬಿ’ ಎಂದು ಎರಡು ಬಗೆಯಾಗಿರುತ್ತದೆ. ‘ಬಿ’ ಎಂದರೆ ದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಜಾಗ. ‘ಎ’ ಎಂದರೆ ಸಾಗುವಳಿಗೆ ಒದಗದ ನೆಲ, ಮತ್ತು ಹಿಡುವಳಿದಾರನ ಸ್ವಂತ ಕೃಷಿ ಕಟ್ಟಡ ಅಥವಾ ಕಣ ಇದ್ದ ನೆಲವೂ ಅದರಲ್ಲೇ ಸೇರುತ್ತದೆ. ಮನೆ ನಿಂತಿರುವ ನಂಬರಿನಲ್ಲಿ ಕೆಲವು ಗುಂಟೆ ‘ಎ’ ಖರಾಬು ಇದ್ದು, ಅಲ್ಲಿ ಬಂಡೆಯಾಗಲಿ ಹಳ್ಳವಾಗಲಿ ಇಲ್ಲದಿದ್ದರೆ, ಅಳತೆಯ ಹೊತ್ತಿಗೇ ಅಲ್ಲಿ ಮನೆಯೋ ಕಣವೋ ಇತ್ತೆಂದು ಊಹಿಸಲು ಸಾಕಷ್ಟು ಆಧಾರವಿದೆ.

ಅನಂತರ ಭೂದಾಖಲೆ ಕಚೇರಿಯಲ್ಲಿ ಆ ನಂಬರಿನ ಮೂಲ ಟಿಪ್ಪಣಿಯ, ಅಂದರೆ ಅಳತೆಗಾರರು ಬರೆದ ಅಳತೆ ನಕ್ಷೆಯ, ನಕಲಿಗೆ ಅರ್ಜಿ ಕೊಡಿ. ಟಿಪ್ಪಣಿಯ ಅಳತೆಗಳು ಸರಪಣಿ ಮತ್ತು ಆಣೆಗಳಲ್ಲಿರುತ್ತವೆ. ಒಂದು ಸರಪಣಿಗೆ 33 ಅಡಿ, ಅದಕ್ಕೆ 16 ಆಣೆ. ಸರಪಣಿ ಉದ್ದ, ಸರಪಣಿ ಅಗಲದ ಚೌಕವೇ ಗುಂಟೆ, ಅಂದರೆ 1089 ಚದರಡಿ. ಬಾವಿ, ದೊಡ್ಡ ಮರ, ಮನೆ ಮುಂತಾದವನ್ನು ಗುರುತಿಸಿದ ಟಿಪ್ಪಣಿಗಳನ್ನು ನಾನು ಸೇವೆಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಆದರೆ ಒಂದು ಎಚ್ಚರಿಕೆ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ಬಹುಕಾಲ ನಡೆಯಿತು. ಇನಾಮು ಮತ್ತು ಜೋಡಿ ಗ್ರಾಮಗಳಲ್ಲಿ ಹಲವು ಕಡೆ ಆಗ ವಿವರವಾದ ಅಳತೆಯಾಗದೆ, ಇನಾಮು ರದ್ದಾದ ಮೇಲೆಯೇ ಆಯಿತು. ಆದ್ದರಿಂದ ತಮ್ಮ ಟಿಪ್ಪಣಿ ಯಾವ ಅಳತೆಯದೆಂದು ತಿಳಿಯದೆ ಅದರಿಂದ ಮನೆಯ ವಯಸ್ಸು ಹೇಳುವುದು ಸರಿಯಲ್ಲ.

ತುಮಕೂರಿನ ಸಿವಿಲ್ ಎಂಜಿನಿಯರ್

ತಾವು ಹಾಕಿರುವ ಚಿತ್ರಗಳನ್ನು ನೋಡಿದೆ. ಇದು ಒಂದೇ ಸಲಕ್ಕೆ ಕಟ್ಟಿದ ಮನೆಯಲ್ಲ. ಒಳತೊಟ್ಟಿಯ ಸುತ್ತಲಿನ ಅಂಕಣಗಳ (ಕಂಬದಿಂದ ಕಂಬಕ್ಕಿರುವ ಭಾಗಗಳ) ಮೇಲೆ ಮಣ್ಣಿನ ಮಾಳಿಗೆ ಇದೆ. ಮುಂದಿನ ಜಗಲಿಗೆ ಮಾತ್ರ ಮಂಗಳೂರು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದೇ 1860ರ ದಶಕದಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗಾಡಿಯ ಮೇಲೆ ಘಟ್ಟದಿಂದ ಇಷ್ಟು ದೂರ ಹೆಂಚು ಹೊರಿಸುವುದು ಸಾಧಾರಣ ರೈತನ ಕೈಗೆ ಎಟಕುವ ಮಾತಾಗಿರಲಿಲ್ಲ. ಹಾಗಾಗಿ ಜಗಲಿಯ ಸೂರು 20ನೆಯ ಶತಮಾನದ್ದೆಂದು ಹೇಳಲು ನನಗೆ ಸಂಕೋಚವಿಲ್ಲ. ಹೆಂಚಿನ ಹಿಂದೆ ಇಸವಿ ಅಚ್ಚಾಗಿದ್ದರೆ ಅದನ್ನು ಕಂಡು ಹಿಗ್ಗಬೇಡಿ, ಅದು ಕಾರ್ಖಾನೆ ಸ್ಥಾಪನೆಯಾದ ವರ್ಷವೂ ಆಗಿರಬಹುದು.

ಮಾಳಿಗೆಯನ್ನು ಇಳಿಸುವಾಗ ಜೆಸಿಬಿ ತರಿಸಬೇಡಿ. ಮೇಲಿನ ಚೌಳು ಮಣ್ಣು, ಅದರ ಕೆಳಗಿನ ಜೇಡಿ, ಅದರ ಕೆಳಗೆ ಹಾಸಿದ ಬಂದರೆ ಸೊಪ್ಪು, ಆಮೇಲೆ ಜಂತೆ, ಕೊನೆಗೆ ತೊಲೆ, ಹೀಗೆ ಪದರ ಪದರವಾಗಿ ಬಿಚ್ಚಿಸಿ. ಚೌಳು ಮಣ್ಣನ್ನು ಆಗಾಗ ಮೇಲೆ ಹೊಸದಾಗಿ ಹರಡುತ್ತಿದ್ದರು. ಆ ಪದರ ದಪ್ಪವಾಗಿದ್ದಷ್ಟೂ ಮಾಳಿಗೆ ಹಳೆಯದು ಎಂಬುದು ಒರಟು ಲೆಕ್ಕ. ತೊಲೆಗಳ ತುದಿಯಲ್ಲಿ ಈಗ ಕೆಲಸಕ್ಕೆ ಬಾರದ ತೂತು, ಕಚ್ಚುಗಳು ಕಂಡರೆ ಅವು ಇನ್ನೊಂದು ಮನೆಯಿಂದ ಬಂದ ಮರಗಳು. ತಲೆಬಾಗಿಲ ಚೌಕಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಕಡೆ ಹಳೆಯ ಮನೆ ಕೆಡವಿದವರು ಬಾಗಿಲುವಾಡವನ್ನು ಸೌದೆಗೆ ಹಾಕುವುದಿಲ್ಲ, ಹೊಸ ಮನೆಗೆ ಕೂರಿಸುತ್ತಾರೆ. ಬಾಗಿಲಿನ ವರ್ಷ ಗೋಡೆಯ ವರ್ಷವೇ ಆಗಬೇಕೆಂದಿಲ್ಲ.

ಮುಳಬಾಗಿಲಿನ ಮೇಷ್ಟ್ರು

ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಪ್ಲವ ಎಂದರೆ 1781, 1841, 1901 ಅಥವಾ 1961ರ ಯುಗಾದಿಯಿಂದ ಆರಂಭವಾದ ವರ್ಷ. 1781ನ್ನು ಹಿಡಿದರೆ ಅದು ಟಿಪ್ಪುವಿನ ಕಾಲವಲ್ಲ, ಹೈದರನ ಕಾಲ. ಹೈದರ್ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಪಾಲುಪಟ್ಟಿ 1961ಕ್ಕೆ ಮೊದಲಿನದಾದರೆ ಕೊನೆಯದನ್ನು ಕೈಬಿಡಬಹುದು. ಹಿರಿಯರ ಮಾತಿಗೆ ಒಗ್ಗದ 1781ನ್ನೂ ಬದಿಗಿಟ್ಟರೆ ಉಳಿಯುವುದು 1841 ಮತ್ತು 1901.

ನನ್ನ ಮನಸ್ಸು 1901ರ ಕಡೆಗೇ ವಾಲುತ್ತದೆ. ಬಯಲುಸೀಮೆಯಲ್ಲಿ ಒಕ್ಕಲು ಮನೆತನ ಊರು ಬಿಟ್ಟು ಹೊಲದಲ್ಲಿ ಮನೆ ಕಟ್ಟುವುದು ಸಾಮಾನ್ಯ ಸಂಗತಿಯಲ್ಲ. ಕಳ್ಳಕಾಕರ ಭಯ, ದೇವರು ದಿಂಡರು, ನೀರು ನಿಡಿ, ಎಲ್ಲಕ್ಕೂ ಊರೇ ಬೇಕು. ಊರು ಬಿಡಿಸಿದ ಒಂದು ಕಾರಣ ನಮಗೆಲ್ಲ ಗೊತ್ತಿರುವುದೇ ಆಗಿದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಹಳ್ಳಿಗಳಿಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಜನ ಊರನ್ನೇ ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ನಮ್ಮ ಮುಳಬಾಗಿಲು ಕಡೆಯಲ್ಲಿಯೂ ಹಾಗೆ ಹೊಲಕ್ಕೆ ಹೋದವರಲ್ಲಿ ಕೆಲವರು, ಕೈಯಲ್ಲಿ ಅಷ್ಟು ಇಷ್ಟು ಇದ್ದವರು, ಮರಳಿ ಊರಿಗೆ ಬರದೆ ಅಲ್ಲಿಯೇ ಮನೆ ಕಟ್ಟಿಕೊಂಡರೆಂದು ಹಿರಿಯರು ಹೇಳುತ್ತಿದ್ದರು.

ಇನ್ನು ಒಂದೇ ವಂಶವೆಂಬ ಮಾತಿಗೆ ಬರೋಣ. ಅದನ್ನು ಒಪ್ಪುವ ಮೊದಲು ಧಾತು ಈಶ್ವರ ಬರವನ್ನು ದಾಟಿಸಿ ನೋಡಬೇಕು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. 1876ರಿಂದ 1878ರವರೆಗಿನ ಆ ಬರಕ್ಕೆ ತುಮಕೂರು ಮತ್ತು ಕೋಲಾರದ ಬಯಲು ಹೆಚ್ಚಾಗಿ ಸಿಕ್ಕಿಕೊಂಡಿತ್ತು. ಒಕ್ಕಲಿಲ್ಲದೆ ಬೀಡುಬಿದ್ದ ಹೊಲಗಳಿಗೆ ಜೋಡಿದಾರರು ಬೇರೆ ಕಡೆಯಿಂದ ಜನರನ್ನು ಕರೆತಂದು ಗುತ್ತಿಗೆಗೆ ನಿಲ್ಲಿಸಿದ್ದುಂಟು. ತಮ್ಮ ಮನೆತನ ಆ ಊರಿಗೆ ಬಂದದ್ದು ಬರಕ್ಕೆ ಮೊದಲೋ ಆಮೇಲೋ ಎಂಬುದೇ ನನ್ನ ಪ್ರಕಾರ ಮುಖ್ಯ ಪ್ರಶ್ನೆ. ಕುಲದೇವರು ಎಲ್ಲಿಯದು? ವರ್ಷಕ್ಕೊಮ್ಮೆ ಮುಡಿ ಕೊಡಲು ಯಾವ ಊರಿಗೆ ಹೋಗುತ್ತೀರಿ?

ಪಾವಗಡದ ಓದುಗ

ಹೆಳವರನ್ನು ಕೇಳಿದ್ದೀರಾ? ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವವರು ತಮ್ಮ ಒಕ್ಕಲಿನ ಮನೆಗಳ ಹೆಸರುಗಳನ್ನು ತಲೆಮಾರುಗಳಿಂದ ಬರೆದಿಟ್ಟುಕೊಂಡಿರುತ್ತಾರೆ. ಮೂಲ ಯಾವ ಊರು, ಅಲ್ಲಿಂದ ಯಾಕೆ ಎದ್ದು ಬಂದರು ಎಂಬುದನ್ನೂ ಹೇಳುತ್ತಾರೆ. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಅಪರೂಪ. ದವಸ, ಬಟ್ಟೆ ಕೊಡುವ ಮನೆಯನ್ನು ಸ್ವಲ್ಪ ಹೆಚ್ಚಾಗಿಯೇ ಹೊಗಳುತ್ತಾರೆಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕೊರಟಗೆರೆ ಕಡೆಯ ಸದಸ್ಯ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಮ್ಮ ಕುಲದೇವರು ಶಿರಾ ಸೀಮೆಯಲ್ಲಿದೆ. ಮದುವೆಯ ಮೊದಲ ಕಾಗದವನ್ನು ಇಂದಿಗೂ ಅಲ್ಲಿಗೇ ಒಯ್ಯುತ್ತೇವೆ. ಪಹಣಿಯಲ್ಲಿ ಮನೆಯ ನಂಬರಿಗೆ ‘ಎ’ ಖರಾಬು ಇರುವುದು ನಿಜ. ಟಿಪ್ಪಣಿಯ ನಕಲಿಗೆ ಅರ್ಜಿ ಕೊಟ್ಟಿದ್ದೇನೆ.

ಪಾಲುಪಟ್ಟಿಯನ್ನು ಈಗ ಪೂರ್ತಿ ಓದಿಸಿದೆ. ಮನೆಯ ಬಗ್ಗೆ ಇದಕ್ಕಿಂತ ನಿಖರವಾದ ವರ್ಣನೆ ಬೇರೆಲ್ಲೂ ಸಿಗಲಾರದು. ಮೂವರು ಅಣ್ಣತಮ್ಮಂದಿರಿಗೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹಂಚಿದ್ದಾರೆ. ಹಿರಿಯವನಿಗೆ ದೇವರಮನೆ ಸೇರಿದ ಮೂಡಣ ಅಂಕಣಗಳು, ನಡುವಿನವನಿಗೆ ಪಡಸಾಲೆ ಮತ್ತು ಅದರ ಮೇಲಿನ ಅಟ್ಟ, ಕಿರಿಯವನಿಗೆ ಅಡಿಗೆಮನೆಯ ಸಾಲು. ತಲೆಬಾಗಿಲು, ತೊಟ್ಟಿ, ಬಾವಿ, ಕಣ, ಬೀಸುಕಲ್ಲು ಇವು ಮೂವರಿಗೂ ಸಾಮಾನ್ಯ. ಕಪಿಲೆಯ (ಎತ್ತು ಹೂಡಿ ಬಾವಿಯಿಂದ ನೀರೆತ್ತುವ ಸಾಧನದ) ಸರದಿ ಯಾರಿಗೆ ಯಾವ ದಿನವೆಂಬುದನ್ನೂ ಬರೆದಿದ್ದಾರೆ. ತೀರಿಹೋದ ಇನ್ನೊಬ್ಬ ಸಹೋದರನ ಹೆಂಡತಿಗೆ ಪಡುವಣ ಕೋಣೆಯಲ್ಲಿ ಬದುಕಿರುವವರೆಗೆ ವಾಸ ಮತ್ತು ವರ್ಷಕ್ಕೆ ಇಷ್ಟು ಕೊಳಗ ರಾಗಿ ಎಂದಿದೆ. ಆಕೆಯ ಹೆಸರಿಲ್ಲ, ‘ಮೃತನ ಹೆಂಡತಿ’ ಎಂದಷ್ಟೇ ಇದೆ. ನಮ್ಮ ವಂಶವೃಕ್ಷದಲ್ಲಿಯೂ ಆಕೆ ಇಲ್ಲ.

ಗುತ್ತಿಗೆ ರಸೀತಿಗಳ ವಿಷಯದಲ್ಲಿ ಮನೆಯವರಿಗೆ ಸ್ವಲ್ಪ ಮುಜುಗರವಿದೆ. ಹೊಲವೂ ಮನೆ ನಿಂತ ನೆಲವೂ ಜೋಡಿದಾರರದಾಗಿದ್ದು, ನಾವು ಗುತ್ತಿಗೆಗಿದ್ದ ಒಕ್ಕಲು ಎಂಬುದು ಅವುಗಳಿಂದ ಸ್ಪಷ್ಟವಾಗುತ್ತದೆ. ನೆಲ ನಮ್ಮ ಹೆಸರಿಗೆ ಬಂದದ್ದು 1954ರ ಇನಾಮು ರದ್ದಿಯಾತಿ ಕಾಯಿದೆಯಿಂದ. ಅದಕ್ಕೆ ಮೊದಲು ಕ್ರಯಪತ್ರ ಇಲ್ಲದಿರುವುದಕ್ಕೂ ಇದೇ ಕಾರಣವಿರಬೇಕು. ಮೂಲಪುರುಷರು ಕಟ್ಟಿಸಿದ ಮನೆಯೆಂಬ ಹೆಮ್ಮೆಗೆ ಇದರಿಂದ ಕುಂದು ಬರುತ್ತದೆಂದು ದೊಡ್ಡಪ್ಪನವರ ಅಭಿಪ್ರಾಯ. ನನಗೆ ಹಾಗೆ ಅನ್ನಿಸುವುದಿಲ್ಲ. ಇನ್ನೊಬ್ಬರ ನೆಲದ ಮೇಲೆ, ಯಾವಾಗ ಎಬ್ಬಿಸುತ್ತಾರೋ ತಿಳಿಯದೆ, ಕಲ್ಲಿನ ತಳಪಾಯ ಹಾಕಿ ಮನೆ ಕಟ್ಟಲು ಧೈರ್ಯ ಬೇಕು.

ಶಿಡ್ಲಘಟ್ಟದ ಸದಸ್ಯೆ

ಪಡುವಣ ಕೋಣೆಯ ಆ ತಾಯಿಯನ್ನು ದಯವಿಟ್ಟು ಬಿಡಬೇಡಿ. ಆಕೆಯ ಹೆಸರು ಕಾಗದದಲ್ಲಿ ಸಿಗದಿದ್ದರೂ ಮನೆಯ ಹೆಣ್ಣುಮಕ್ಕಳ ಬಾಯಲ್ಲಿ ಸಿಗಬಹುದು. ಬೇರೆ ಊರಿಗೆ ಕೊಟ್ಟ ಅತ್ತೆಯರನ್ನು, ಅವರು ಇಲ್ಲದಿದ್ದರೆ ಅವರ ಹೆಣ್ಣುಮಕ್ಕಳನ್ನು ಕೇಳಿ. ತವರಿನ ಸಂಗತಿಗಳನ್ನು ಗಂಡಸರಿಗಿಂತ ಅವರೇ ಹೆಚ್ಚು ನೆನಪಿಟ್ಟಿರುತ್ತಾರೆ, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಂಬುದನ್ನೂ ಹೇಳುತ್ತಾರೆ. ನಮ್ಮ ಮನೆಯ ವಿಷಯವೇ ನೋಡಿ. ದಾಖಲೆಯಲ್ಲಿ ಅದು ವಾಸದ ಮನೆ. ಆದರೆ ರೇಷ್ಮೆ ಹುಳು ನಾಲ್ಕನೆಯ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ನಡುಮನೆಯಲ್ಲಿ ಮನುಷ್ಯರಿಗೆ ಜಾಗವೇ ಇರುತ್ತಿರಲಿಲ್ಲ. ನಾವೆಲ್ಲ ಜಗಲಿಯಲ್ಲಿ ಮಲಗಿ, ರಾತ್ರಿಯೂ ಎದ್ದು ಸೊಪ್ಪು ಹಾಕುತ್ತಿದ್ದೆವು. ಹುಳು ಗೂಡು ಕಟ್ಟುವ ಚಂದ್ರಂಕಿ ತಟ್ಟಿಗಳನ್ನು ಒರಗಿಸಿದ ಗೋಡೆಯ ಮೇಲಿನ ಗೀರುಗಳು ಈಗಲೂ ಇವೆ. ಆ ಮನೆಯನ್ನು ನಡೆಸಿದ್ದು ಆ ದುಡಿಮೆ, ಆದರೆ ಅದು ಯಾವ ಪಹಣಿಗೂ ಬರಲಿಲ್ಲ.

ಇನ್ನೊಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬಾರದು. ಪಾಲುಪಟ್ಟಿಯಲ್ಲಿ ತಾವು ಹೇಳಿದ ಅಂಕಣಗಳಲ್ಲಿ ಕೊಟ್ಟಿಗೆ ಬರಲಿಲ್ಲ. ಅಷ್ಟು ದೊಡ್ಡ ಆರಂಬದ ಮನೆಯಲ್ಲಿ ಕೊಟ್ಟಿಗೆಯಲ್ಲಿ ಮಲಗುತ್ತಿದ್ದವರು ಯಾರು? ಅಂಗಳದಲ್ಲಿ ಹಗೇವು, ಅಂದರೆ ದವಸ ತುಂಬುವ ನೆಲದೊಳಗಿನ ಗುಂಡಿ, ಇದ್ದಿರಲೇಬೇಕು. ಅದಕ್ಕೆ ಇಳಿಯುತ್ತಿದ್ದವರು ಯಾರು?

ಕೊರಟಗೆರೆ ಕಡೆಯ ಸದಸ್ಯ

ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ, ಅಮ್ಮ. ಹಗೇವು ಇದೆ. ಜಗಲಿಯ ಮುಂದೆ ಅಂಗಳದಲ್ಲಿ ಚಪ್ಪಡಿ ಮುಚ್ಚಿದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹಾಗೆ ಅಗಲ. ರಾಗಿ ತುಂಬಿ, ಮೇಲೆ ಹುಲ್ಲು ಒತ್ತಿ, ಚಪ್ಪಡಿಯ ಸುತ್ತ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ತೆಗೆಯುವ ದಿನ ಚಪ್ಪಡಿ ಸರಿಸಿ ಬಹಳ ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವ ಭಯವಿತ್ತು.

ಇಳಿಯುತ್ತಿದ್ದವರು ನಮ್ಮ ಮನೆಯ ಜೀತದವರು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಬಂದಿತ್ತು. ಮದುವೆಗೆಂದು ಪಡೆದ ಸಾಲ ಮೂರು ತಲೆಮಾರಿಗೂ ತೀರಿರಲಿಲ್ಲ. ಕಡತವನ್ನು ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿ ಓದಿಸಿದಾಗ ಆ ಲೆಕ್ಕವೇ ಅದರ ಅರ್ಧದಷ್ಟಿದೆ: ಸಾಲದ ಮೊತ್ತ, ಕೊಟ್ಟ ಕಂಬಳಿ, ಕೊಟ್ಟ ರಾಗಿ, ಕೆಲಸಕ್ಕೆ ಬಾರದ ದಿನಗಳ ಮುರಿತ. ನಮ್ಮ ಮನೆಯ ಹೆಂಗಸರ ಹೆಸರು ಇಲ್ಲದ ಮನೆಯ ಕಾಗದದಲ್ಲಿ ಆ ಮೂವರು ಗಂಡಸರ ಹೆಸರು ಇರುವುದು ಅವರು ಸಾಲಗಾರರೆಂಬ ಕಾರಣಕ್ಕೆ. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಬಂದು ಜೀತ ರದ್ದಾದ ಮೇಲೆ ಆ ಕುಟುಂಬ ಕೊಟ್ಟಿಗೆಯ ಪಕ್ಕದ ಗುಡಿಸಲಿನಲ್ಲಿಯೇ ಸ್ವಲ್ಪ ಕಾಲವಿದ್ದು, ಆಮೇಲೆ ಊರಿನ ಕಾಲೊನಿಗೆ ಹೋಯಿತು. ಆ ಮೊಮ್ಮಗ ಈಗಲೂ ಇದ್ದಾರೆ, ಎಂಬತ್ತು ದಾಟಿದೆ. ಹೋಗಿ ಕೇಳಿದೆ. ಮನೆಯ ಹಿಂಭಾಗದ ಮಾಳಿಗೆಗೆ ಮಣ್ಣು ತುಳಿದು ಹೊತ್ತವರು ತಮ್ಮ ತಾತ ಎಂದೂ, ಅದಕ್ಕೆ ಮೊದಲು ಅಲ್ಲಿ ಹುಲ್ಲಿನ ಸೂರು ಇದ್ದುದನ್ನು ತಾತ ಹೇಳುತ್ತಿದ್ದರೆಂದೂ ಹೇಳಿದರು. ಎಂಜಿನಿಯರ್ ಅವರು ಹೇಳಿದ ‘ಒಂದೇ ಸಲಕ್ಕೆ ಕಟ್ಟಿದ ಮನೆಯಲ್ಲ’ ಎಂಬ ಮಾತಿಗೆ ಇದು ಸರಿಯಾಗಿ ಕೂಡುತ್ತದೆ. ನಮ್ಮ ಮನೆಯಲ್ಲಿ ಯಾರಿಗೂ ಈ ಹುಲ್ಲಿನ ಸೂರಿನ ಸುದ್ದಿಯೇ ಗೊತ್ತಿರಲಿಲ್ಲ.

ಈಗ ಕಂಡದ್ದನ್ನು ಕೂಡಿಸಿದರೆ, ಶಿರಾ ಕಡೆಯಿಂದ ಬಂದ ನಮ್ಮವರು ಮೊದಲು ಊರೊಳಗಿದ್ದು, 1901ರ ಸುಮಾರಿಗೆ ಹೊಲದಲ್ಲಿ ಕಣದ ಪಕ್ಕ ಮನೆ ಮಾಡಿ, ಮುಂದಿನ ತಲೆಮಾರಿನಲ್ಲಿ ಅದನ್ನು ತೊಟ್ಟಿಮನೆಯಾಗಿ ಬೆಳೆಸಿದರೆಂದು ಬರೆಯಬಹುದೆನಿಸುತ್ತದೆ. ಮೇಷ್ಟ್ರು ಒಪ್ಪುತ್ತಾರೆಯೇ?

ಮುಳಬಾಗಿಲಿನ ಮೇಷ್ಟ್ರು

ಊಹೆಯೆಂದು ಹೇಳಿ ಬರೆಯುವುದಾದರೆ ಒಪ್ಪುತ್ತೇನೆ. ಚೌಕಟ್ಟು ಬೇರೆ ಮನೆಯಿಂದ ಬಂದದ್ದಲ್ಲವೆಂದು ಎಂಜಿನಿಯರ್ ಅವರು ನೋಡಿ ಹೇಳುವವರೆಗೆ 1901ನ್ನು ಶೀರ್ಷಿಕೆಗೆ ಏರಿಸಬೇಡಿ. ಬಾಗಿಲ ಮೇಲಿನ ಬಣ್ಣವನ್ನು ಕೆರೆಯಬಾರದು. ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ರಾತ್ರಿ ಫೋಟೋ ತೆಗೆದರೆ ಕೊರೆದ ಅಕ್ಷರಗಳ ನೆರಳು ಮೂಡುತ್ತದೆ. ತಿಥಿಯೂ ವಾರವೂ ಸಿಕ್ಕರೆ 1841 ಮತ್ತು 1901ರ ಪಂಚಾಂಗಗಳನ್ನು ಹೋಲಿಸಿ ತೀರ್ಮಾನಿಸಬಹುದು, ಆ ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ.

ಮಧುಗಿರಿಯ ನಿವೃತ್ತ ಭೂಮಾಪಕರು

ಜೀತದ ಕುಟುಂಬದ ಗುಡಿಸಲಿನ ವಿಷಯದಲ್ಲಿ ಒಂದು ಸಂಗತಿ ಉಳಿದಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯನ್ನು ಎಲ್ಲರೂ ಗೇಣಿದಾರರು ಜಮೀನಿನ ಹಕ್ಕು ಕೇಳಿ ಹಾಕಿದ ಫಾರಂ 7ರ ಮೂಲಕವೇ ನೆನೆಯುತ್ತಾರೆ. ಆದರೆ ಅದೇ ಕಾಯಿದೆಯ 38ನೆಯ ಕಲಂ, ಇನ್ನೊಬ್ಬರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯ ನೆಲದ ಹಕ್ಕನ್ನು ಕೊಡುತ್ತದೆ. ಆ ಹಿರಿಯರು ಅಥವಾ ಅವರ ತಂದೆ ಅಂತಹ ಅರ್ಜಿ ಹಾಕಿದ್ದರೆ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಭೂನ್ಯಾಯಮಂಡಳಿಯ ಕಡತದೊಳಗೆ ಅದು ಇರಬೇಕು. ಅದರೊಂದಿಗೆ ಸ್ಥಳ ಮಹಜರು ಮತ್ತು ಕೈನಕ್ಷೆ ಇದ್ದರೆ, ಮನೆ, ಕೊಟ್ಟಿಗೆ, ಗುಡಿಸಲು, ಬಾವಿ ಇವೆಲ್ಲ ಆಗ ಎಲ್ಲೆಲ್ಲಿದ್ದವೆಂಬುದು ತಮ್ಮ ಪಾಲುಪಟ್ಟಿಗಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ. ಸರ್ವೆ ನಂಬರು ಮತ್ತು ಗ್ರಾಮದ ಹೆಸರು ಬರೆದು ನಕಲಿಗೆ ಅರ್ಜಿ ಕೊಡಿ. ಅರ್ಜಿಯಲ್ಲಿ ತಮ್ಮ ಹೆಸರಿನ ಜೊತೆಗೆ ಆ ಹಿರಿಯರ ಸಹಿಯನ್ನೂ ಹಾಕಿಸಿ, ಏಕೆಂದರೆ ಆ ಕಡತದಲ್ಲಿ ಅರ್ಜಿದಾರರು ಅವರು, ತಮ್ಮ ಮನೆಯವರು ಎದುರುದಾರರು.